ನಮ್ಮಪ್ಪಂದು ಧೂಳಿನ ಕೆಮ್ಮಲ್ಲ, ನಾಯಿಕೆಮ್ಮು

ಮುಧೋಳದಾಗ ಕಬ್ಬಿನ ಸೀಸನ್ ಶುರು ಆತಂದ್ರ ರೋಡ್ ತುಂಬ ಟ್ರ್ಯಾಕ್ಟರ್, ಧೂಳು, ಹಿಂಗಾಗಿ ಅಪ್ಪ ಕೆಮ್ಮಾಕ ಹತ್ತಿದಾಗ ನಾವ್ಯಾರೂ ತಲಿ ಕೆಡಿಸ್ಕೊಳ್ಳಿಲ್ಲ. ಮೊದ್ಲು ಬರೇ ನೆಗಡಿ. ಆಮ್ಯಾಲೆ ರಾತ್ರಿ ಎದ್ದು ಕುಂತು ಮಂಚ ಗಟ್ಟಿ ಹಿಡ್ಕೊಂಡು ಒಂದ ದಮ್ಮಿನ್ಯಾಗ ಹತ್ತು ಹನ್ನೆರಡು ಸಲ ಕೆಮ್ಮತಿದ್ರು, ಮಾರಿ ಕೆಂಪಾಗಿ ಕಣ್ಣಾಗ ನೀರು, ಕಡೀಕ ಉಂಡ ರೊಟ್ಟಿ ಎಲ್ಲಾ ವಾಂತಿ. ಜ್ವರ ಇಲ್ಲ. ಮುಂಜಾನೆ ನೋಡಿದ್ರ ಏನೂ ಆಗಿಲ್ಲದಂಗ ಚಾ ಕುಡ್ಕೋತ ಕುಂತಿರೋರು.

ಮೊದ್ಲು ತೋರಿಸಿದಲ್ಲಿ ಅಲರ್ಜಿ ಅಂತ ಸಿರಪ್ ಕೊಟ್ಟು ಕಳಿಸಿದ್ರು. ಎರಡು ವಾರ ದಾಟಿದ ಮ್ಯಾಲೆ ಸರ್ಕಾರಿ ದವಾಖಾನ್ಯಾಗ ಕಫ ಕೊಟ್ವಿ (ಅದನ್ನ ಯಾರೂ ಬಿಡಬ್ಯಾಡ್ರಿ, ಪುಕ್ಕಟೆ ಮಾಡ್ತಾರ), ಟಿಬಿ ಇಲ್ಲ ಅಂತ ಬಂತು. ಮೂರನೇ ವಾರ ಬಾಗಲಕೋಟ್ಯಾಗ ಎದಿ ಡಾಕ್ಟರ್ ಎಲ್ಲಾ ಕೇಳ್ಕೊಂಡು, "ಮನ್ಯಾಗ ಸಣ್ಣ ಕೂಸು ಐತೇನ್ರಿ?" ಅಂದ್ರು. ತಂಗಿ ಬಾಣಂತನಕ್ಕ ಬಂದಾಳ, ಕೂಸಿಗೆ ಐದು ವಾರ, ಆರನೇ ವಾರದ ಇಂಜೆಕ್ಷನ್ ಇನ್ನೂ ಆಗಿಲ್ಲ. ನನ್ನ ಕೈಕಾಲು ತಣ್ಣಗಾದ್ವು.

ಮೂಗಿನ್ಯಾಗ ಉದ್ದನ ಕಡ್ಡಿ ಹಾಕಿ ಪಿಸಿಆರ್ ಟೆಸ್ಟ್ ಮಾಡಿಸಿದ್ರು, ಬೋರ್ಡೆಟೆಲ್ಲಾ ಪರ್ಟುಸಿಸ್ ಅನ್ನೋ ರೋಗಾಣು ಸಿಕ್ತು. ನಾಯಿಕೆಮ್ಮು!

ಅಜ್ಜಿ ಒಪ್ಪಲೇ ಇಲ್ಲ. "ಅಂವಗ ಸಣ್ಣಾವಿದ್ದಾಗ ಬಂದು ಹೋಗೇತಿ, ಕತ್ತಿ ಹಾಲು ಕುಡಿಸೀನಿ, ಮತ್ತ ಹ್ಯಾಂಗ ಬರ್ತೈತಿ?" ನಾನೂ ಹಂಗ ತಿಳ್ಕೊಂಡಿದ್ದೆ. ಆದ್ರ ಬಂದು ಹೋಗಿರ್ಲಿ, ಇಂಜೆಕ್ಷನ್ ಆಗಿರ್ಲಿ, ಅದರ ಶಕ್ತಿ ಜೀವನಪೂರ್ತಿ ಇರಂಗಿಲ್ಲಂತ, ವರ್ಷ ಕಳದಂಗ ಇಳೀತೈತಿ, ನಮಗಂತೂ ಕಡೀ ಡಿಪಿಟಿ (ನಾಯಿಕೆಮ್ಮಿಂದೂ ಸೇರಿರೋ ಇಂಜೆಕ್ಷನ್) ಆಗಿದ್ದು ಸಾಲಿಗೆ ಹೋಗೋ ವಯಸ್ಸಿನ್ಯಾಗ. ಹೊರಗಿನ ದೇಶಗಳ ಸಂಶೋಧನೆಗಳಾಗ ವಾರಗಟ್ಟಲೆ ಕೆಮ್ಮೋ ದೊಡ್ಡವ್ರನ್ನ ಟೆಸ್ಟ್ ಮಾಡಿದಾಗ ನೂರಕ್ಕ 13ರಿಂದ 20 ಮಂದಿಗೆ ಇದ ಸಿಕ್ಕೈತಿ. ದೊಡ್ಡವ್ರಿಗೆ ಕೆಮ್ಮಿದ ಮ್ಯಾಲೆ ಉಸಿರು ಎಳ್ಕೊಳ್ಳುವಾಗಿನ ಆ 'ಹೂಪ್' ಅನ್ನೋ ಸಪ್ಪಳ ಬಹಳ ಸಲ ಬರಂಗಿಲ್ಲ, ಅದಕ್ಕ ಯಾರಿಗೂ ಸಂಶಯ ಬರಂಗಿಲ್ಲ, ಅಲರ್ಜಿ ಅನ್ನೋದ್ರಾಗ ಮುಗೀತೈತಿ. ಕೂಸಿಗೆ ಹತ್ತಿದ್ರ ಮಾತ್ರ ಕೆಮ್ಮದೇನ ಉಸಿರು ನಿಂತುಬಿಡಬಹುದು.

ಅವತ್ತ ಸಂಜೀಕ ತಂಗಿನ್ನ, ಕೂಸಿನ್ನ ಮ್ಯಾಲಿನ ಖೋಲಿಗೆ ಕಳಿಸಿದ್ವಿ. ಡಾಕ್ಟರ್ ಹೇಳಿದಂಗ ಮನ್ಯಾಗ ಎಲ್ಲಾರೂ ಅಜಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ತಗೊಂಡ್ವಿ. ಇಷ್ಟು ತಡಾ ಆದಮ್ಯಾಲೆ ಗುಳಿಗಿಯಿಂದ ಕೆಮ್ಮು ನಿಲ್ಲಂಗಿಲ್ಲ, ಇನ್ನೊಬ್ರಿಗೆ ಹರಡೋದು ನಿಲ್ತೈತಿ ಅಂತ ಡಾಕ್ಟರ್ ಮೊದಲ ಹೇಳಿದ್ರು, ಹಂಗ ಆತು, ಅಪ್ಪ ಮೂರನೇ ತಿಂಗಳತನಕ ಕೆಮ್ಮಿದ್ರು. ಎಂಟು ದಿನ ಮಾಸ್ಕ್ ಹಾಕ್ಕೊಂಡು ಅಂಗಳದಾಗ ನಿಂತು ಮ್ಯಾಲಿನ ಖಿಡಕಿ ನೋಡೋರು, ತಂಗಿ ಅಲ್ಲಿಂದನ ಕೂಸಿನ್ನ ಎತ್ತಿ ತೋರಿಸಾಕಿ.

ಕೂಸಿಗೆ ಏನೂ ಆಗಲಿಲ್ಲ. ಈಗ ನಾಯಿಕೆಮ್ಮಿಂದೂ ಸೇರಿರೋ ಮೂರೂ ಪೆಂಟಾ ಇಂಜೆಕ್ಷನ್ ಮುಗದಾವು.