ಹಸರ ಕಿತ್ತು ಬೆಳ್ಳಗಿಂದ ಇಟಗೋತೀರಿ?

ಈ ವಾರ ಪೂರ್ತಿ ಒಂದೇ ಮಾತು ತಲೆಯಲ್ಲಿ ತಿರುಗುತ್ತಿದೆ. ಅಂದವರು ನಮ್ಮ ಹಿತ್ತಲಲ್ಲಿ ಕಳೆ ತೆಗೆಯಲು ಬಂದಿದ್ದ ಆಯಿ.

ಮಳೆ ಬಿದ್ದ ಮೇಲೆ ವಿಜಯಪುರದ ಎರಿ ಮಣ್ಣು ಹೇಗಿರುತ್ತದೆ ಗೊತ್ತಲ್ವಾ? ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲು ಬಿಡುವುದಿಲ್ಲ. ಅದರ ತುಂಬ ಜೇಕಿನ ಕಳೆ ಎದ್ದಿತ್ತು. ಆಯಿ ಕುರ್ಪಿ ಹಿಡಿದು, ಕೂತಲ್ಲಿಂದಲೇ ಸರಿಯುತ್ತ ಸರಿಯುತ್ತ ನೀರಿನ ತೊಟ್ಟಿಯ ಹತ್ತಿರ ಬಂದರು. ಅಲ್ಲಿ ನನ್ನ ಮುದ್ದಿನ ಗಿಡ ಇದೆ. ನರ್ಸರಿಯವರು ಅಂಬ್ರೆಲಾ ಪಾಮ್ ಅಂತ ಮಾರುತ್ತಾರೆ. ಪಾಮೂ ಅಲ್ಲ, ಏನೂ ಅಲ್ಲ. ಜೇಕಿನದೇ ಕುಲ, ಸೈಪರಸ್. ನನ್ನದು ವೇರಿಗೇಟೆಡ್. ದಂಟಿನ ತುದಿಯಲ್ಲಿ ಕೊಡೆಯ ಕಡ್ಡಿಗಳ ಹಾಗೆ ಎಲೆ ಹರಡಿರುತ್ತವೆ, ಪ್ರತಿ ಎಲೆಯಲ್ಲೂ ಉದ್ದಕ್ಕೆ ಹಸಿರು, ಬಿಳಿ ಗೆರೆ. ಕೆಲವು ಎಲೆಯಂತೂ ಪೂರಾ ಬಿಳಿ.

ಆಯಿ ಒಂದು ಎಲೆ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

“ಅಕ್ಕಾರ, ಇದಕ್ಕ ಕೇದಗಿ ಬಿದ್ದೈತಲ್ರೀ. ಕಿತ್ತ ಒಗೀಲೇನು?”

ಜೋಳ ಬೆಳೆದವರಿಗೆ ಕೇದಿಗೆ ರೋಗ ಗೊತ್ತು. ಎಲೆಯ ಮೇಲೆ ಉದ್ದಕ್ಕೆ ಬಿಳಿ ಪಟ್ಟೆ ಬಿದ್ದ ಗಿಡದಿಂದ ತೆನೆ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಪಕ್ಕದ ಗಿಡಕ್ಕೆ ಹತ್ತುವ ಮೊದಲು ಕಿತ್ತು ಹೊಲದಿಂದ ಹೊರಗೆ ಹಾಕಬೇಕು. ಅವರು ನೋಡಿದ್ದು ಅದೇ ಪಟ್ಟೆ.

“ಬ್ಯಾಡ ಬ್ಯಾಡ ಆಯಿ, ಅದು ಇರೋದ ಹಂಗ. ರೊಕ್ಕಾ ಕೊಟ್ಟ ತಂದೀನಿ.”

ಅವರು ದಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿರುಗಿಸಿದರು. ಈ ಜಾತಿಯ ದಂಟು ಪೂರ್ತಿ ಗುಂಡಗಿರುವುದಿಲ್ಲ, ಮೂರು ಏಣು ಬೆರಳಿಗೆ ಹತ್ತುತ್ತವೆ. “ರೊಕ್ಕಾ, ಜೇಕಿಗೆ?” ಅಂದರು. ಯಾವ ಪುಸ್ತಕವೂ ಇಲ್ಲದೆ ಕುಲ ಹಿಡಿದುಬಿಟ್ಟರು! ಮೆಂತ್ಯದ ಸೊಪ್ಪಿಗೂ ರಾಜಗಿರಿಗೂ ಫರಕು ಗೊತ್ತಿಲ್ಲದ ನಮ್ಮ ಮನೆಯವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಜೋರಾಗಿ ನಕ್ಕರು.

ಇಲ್ಲಿಗೆ ಮುಗಿಯಬೇಕಿತ್ತು. ಹೇಗೂ ಕುರ್ಪಿ ಕೈಯಲ್ಲಿದೆಯಲ್ಲ ಅಂತ ನಾನೇ ಇನ್ನೊಂದು ಕೆಲಸ ಹೇಳಿದೆ. ಈ ಗಿಡದಲ್ಲಿ ಆಗಾಗ ಗೆರೆಯೇ ಇಲ್ಲದ ಅಪ್ಪಟ ಹಸಿರು ಕಡ್ಡಿ ಏಳುತ್ತವೆ. ಹಸಿರು ಜಾಸ್ತಿ ಇದ್ದಷ್ಟು ಊಟ ಜಾಸ್ತಿ, ಬೆಳೆಯುವ ಬಿರುಸೂ ಜಾಸ್ತಿ. ಬಿಟ್ಟರೆ ಬಿಳಿ ಗೆರೆಯವನ್ನು ಮುಚ್ಚಿ ಗಿಡವೆಲ್ಲ ಹಸಿರೇ ಆಗುತ್ತದೆ. ಅದಕ್ಕೇ ಅವನ್ನು ಬುಡದಿಂದ ತೆಗೆಯಬೇಕು ಅಂದೆ.

“ಹಸರ ಕಿತ್ತು ಬೆಳ್ಳಗಿಂದ ಇಟಗೋತೀರಿ?”

ವ್ಯಂಗ್ಯ ಏನೂ ಇರಲಿಲ್ಲ. ಹೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳುವ ದನಿ. ವ್ಯಂಗ್ಯ ಇದ್ದಿದ್ದರೆ ನಾನೂ ಏನಾದರೂ ಅಂದು ಮರೆತುಬಿಡುತ್ತಿದ್ದೆ. ಹೂಂ ಅಂದೆ. ಅವರು ಬೆಳ್ಳಗಿನ ಒಂದು ಎಲೆಗೂ ಪೆಟ್ಟಾಗದ ಹಾಗೆ ಹಸಿರು ಕಡ್ಡಿಗಳನ್ನು ಬೇರು ಸಮೇತ ಬಿಡಿಸಿದರು. ಅಂಥ ಕೈ ನನಗಿಲ್ಲ, ನರ್ಸರಿಯವನಿಗೂ ಇಲ್ಲ.

ಆ ಬಿಳಿ ಭಾಗಕ್ಕೆ ತನ್ನ ಊಟ ತಾನು ಮಾಡಿಕೊಳ್ಳಲು ಬರುವುದಿಲ್ಲ. ಪಕ್ಕದ ಹಸಿರು ದುಡಿದದ್ದನ್ನು ತಿಂದು ಬದುಕುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಮೊದಲು ಸುಡುವುದೂ ಅದೇ. ಮಧ್ಯಾಹ್ನ ನೆರಳು ಬೇಕು, ಬುಡದಲ್ಲಿ ಸದಾ ನೀರು ನಿಂತಿರಬೇಕು. ಬೀಜದಿಂದ ಗೆರೆ ಬರುತ್ತದೆ ಅನ್ನುವ ನಂಬಿಕೆ ಇಲ್ಲ, ಬುಡ ಒಡೆದು ಹಚ್ಚುವುದೇ ಖಾತ್ರಿ. ಇಷ್ಟು ನಾಜೂಕು ಇರುವುದಕ್ಕೇ ಅದಕ್ಕೆ ರೇಟು. ಪಕ್ಕದ ಮನೆಯವರು ನನಗಿಂತ ಒಂದು ಹೆಜ್ಜೆ ಮುಂದೆ. ಪುಣೆಯಿಂದ ಕೇರೆಕ್ಸ್ ಎವರ್‌ಗೋಲ್ಡ್ ಅನ್ನುವ ಗೆರೆ ಹುಲ್ಲು ತರಿಸಿದ್ದರು. ಅದರ ಮೂಲ ಜಪಾನ್. ನಮ್ಮ ಬೇಸಿಗೆ ದಾಟಲಿಲ್ಲ.

ಇನ್ನು ಜೇಕು. 1977ರಲ್ಲಿ ಕಳೆ ವಿಜ್ಞಾನಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಕೆಟ್ಟ ಕಳೆಗಳ ಬಗ್ಗೆ ಪುಸ್ತಕ ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಮೇಲೆ ಎಳೆದರೆ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಒಂದು ಗಡ್ಡೆಯಿಂದ ಇನ್ನೊಂದಕ್ಕೆ ದಾರದಂಥ ಬೇರು, ಅದು ಹರಿದ ಕಡೆ ಹೊಸದು ಚಿಗುರುತ್ತದೆ. ಯಾರೂ ನೀರು ಹಾಕಬೇಕಿಲ್ಲ. ಗಂಧಿಗೆ ಅಂಗಡಿಯಲ್ಲಿ ಇದೇ ಗಡ್ಡೆ ಒಣಗಿ ಭದ್ರಮುಷ್ಟಿ ಆಗಿ ಕೂತಿರುತ್ತದೆ, ಎಂಥ ಘಮ! ಆದರೆ ಹೊಲದಲ್ಲಿ ಅದರ ಘಮ ನೋಡುತ್ತ ಯಾರು ಕೂಡುತ್ತಾರೆ? ಆಯಿ ಲಗ್ನ ಆಗಿ ಬಂದಾಗಿನಿಂದ ಕಂಡವರ ಹೊಲದಲ್ಲಿ ಇದನ್ನೇ ಕೀಳುತ್ತಿದ್ದಾರಂತೆ. ಈಗ ಕಳೆ ಸಾಯಿಸುವ ಎಣ್ಣಿ ಹೊಡೆಯುವವರು ಜಾಸ್ತಿ ಆಗಿದ್ದಾರೆ, ಆಳು ಕರೆಯುವುದು ಕಡಿಮೆ. ಅದಕ್ಕೇ ಊರೊಳಗೆ ಹಿತ್ತಲ ಕೆಲಸ ಹುಡುಕಿಕೊಂಡು ಬಂದದ್ದು.

ಸಂಜೆ ಕೂಲಿ ಕೊಡುವಾಗ ಪಕ್ಕದ ಮನೆಯವರು ಕಂಪೌಂಡಿನ ಮೇಲಿಂದ ಇಣುಕಿ, “ಅಷ್ಟ್ಯಾಕ ಕೊಡ್ತೀರಿ, ರೂಢಿ ಕೆಡಸ್ತೀರಿ” ಅಂದರು. ಎವರ್‌ಗೋಲ್ಡಿಗೆ ಕೊಟ್ಟಾಗ ಯಾರ ರೂಢಿ ಕೆಟ್ಟಿತ್ತೋ! ಒಳ್ಳೆಯವರೇ, ಹಬ್ಬಕ್ಕೆ ಹೋಳಿಗೆ ತಪ್ಪದೆ ಕಳಿಸುತ್ತಾರೆ. ಆದರೆ ಹುಲ್ಲಿನ ರೇಟು ಕೇಳದೆ ಕೊಡುವವರು ಕೂಲಿಯ ರೇಟಿಗೆ ಮಾತ್ರ ಬಾಯಿ ಹಾಕುತ್ತಾರೆ.

ಆಯಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ದುಡ್ಡು ಸೆರಗಿಗೆ ಗಂಟು ಹಾಕಿ, ಕಿತ್ತ ಹಸಿರು ಕಡ್ಡಿಗಳನ್ನು ಹಸಿ ಚೀಲದಲ್ಲಿ ಸುತ್ತಿಕೊಂಡರು. ಮನೆಯ ಬಚ್ಚಲ ನೀರು ಹರಿಯುವ ಕಡೆ ಹಚ್ಚುತ್ತಾರಂತೆ. ನೀರು ನಿಂತು ಹೊಲಸಾಗುವ ಜಾಗ, ಇದಾದರೆ ಅಲ್ಲಿ ಬೆಳೆದೀತು ಅಂತ ಅವರ ಲೆಕ್ಕ. ಲೆಕ್ಕ ಸರಿಯಾಗಿದೆ.

“ಜೇಕು ಮತ್ತ ಏಳತೈತ್ರೀ, ಹೇಳಿ ಕಳಸ್ರಿ. ಆ ತನಕ ಹಸರ ಕಡ್ಡಿ ಬಂದ್ರ ಒಗೀಬ್ಯಾಡ್ರಿ. ನನಗ ಬೇಕು.”

ಆಗಲಿ ಅಂದಿದ್ದೇನೆ.