ಒಪ್ಪದವರ ನಡುವೆ ಒಂದು ಭಾನುವಾರ

ಶಿರಸಿ ಹತ್ತಿರದ ಸೋಂದೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವುದಿಲ್ಲ. ವಾದಿರಾಜ ಮಠದಲ್ಲಿ ಜೀವ ಬೇರೆ, ದೇವರು ಬೇರೆ. ಸ್ವಲ್ಪ ದೂರದ ಸ್ವರ್ಣವಲ್ಲಿ ಮಠಕ್ಕೆ ಹೋದರೆ ಎರಡೂ ಒಂದೇ. ಅಲ್ಲೇ ಇರುವ ಜೈನ ಮಠದವರ ಪ್ರಕಾರ ಜಗತ್ತನ್ನು ಸೃಷ್ಟಿಸಿದ ದೇವರೇ ಇಲ್ಲ. ಶತಮಾನಗಳಿಂದ ಅಕ್ಕಪಕ್ಕದಲ್ಲೇ ಇದ್ದಾರೆ!

ಅಪ್ಪ ತೀರಿಕೊಂಡ ಮೇಲೆ ನನಗೆ ನಿದ್ದೆ ಹಾಳಾಗಿತ್ತು. ಕಾರವಾರದಿಂದ ರಜೆಗೆ ಶಿರಸಿಗೆ ಬಂದವನನ್ನು ದೊಡ್ಡಾಯಿ, "ಸುಮ್ನೆ ಕೂತ್ಕಂಡು ಎಂತ ಮಾಡ್ತೆ, ನಡೆ" ಎಂದು ಹೊರಡಿಸಿದಳು.

ವಾದಿರಾಜ ಮಠದ ಕೊಳ ಧವಳಗಂಗೆಯ ಹತ್ತಿರ ಅವಳು ತುಳಸಿ ಮಾಲೆ ತೆಗೆದಳು. ನನಗೆ ಬೇರೆ ಕೆಲಸ ಇರಲಿಲ್ಲ, ಅವಳ ಕೈಯನ್ನೇ ನೋಡುತ್ತಾ ಕೂತೆ. ಹೆಬ್ಬೆರಳು, ನಡುಬೆರಳಲ್ಲಿ ಒಂದೊಂದೇ ಮಣಿ ಸರಿಯುತ್ತಿತ್ತು. ತೋರುಬೆರಳು ಮಾತ್ರ ದೂರ ನಿಂತಿತ್ತು. 108 ಆಗಿ ಮೇರುಮಣಿ ಸಿಕ್ಕಾಗ ಅದನ್ನು ದಾಟದೆ, ಮಾಲೆ ತಿರುಗಿಸಿ ಬಂದ ದಾರಿಯಲ್ಲೇ ಹೊರಟಳು. ಮಂಡಿನೋವಿಗೆ ದಾರಿಯುದ್ದಕ್ಕೂ ಗೊಣಗಿದವಳು ಇವಳೇನಾ ಅನ್ನಿಸಿತು.

ಮಧ್ಯಾಹ್ನ ಮುಂಡಗೋಡಿಗೆ ಹೋದೆವು. 1966ರಲ್ಲಿ ಶುರುವಾದ ಟಿಬೆಟಿಯನ್ ಕ್ಯಾಂಪನ್ನು ಇಷ್ಟು ಹತ್ತಿರವಿದ್ದೂ ದೊಡ್ಡಾಯಿ ನೋಡಿರಲಿಲ್ಲ. ಡ್ರೆಪುಂಗ್ ಮಠದ ಅಂಗಳದಲ್ಲಿ ದೊಡ್ಡ ಗಲಾಟೆ. ನಿಂತ ಭಿಕ್ಷು ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಕೂತವನು ಉತ್ತರ ಹೇಳಬೇಕು. ಅದು ಜಗಳ ಅಲ್ಲ, ಅವರ ಪಾಠವೇ ಹಾಗೆ. ಅದೇ ಗದ್ದಲದ ಪಕ್ಕ ಮುದುಕ ಭಿಕ್ಷುವೊಬ್ಬರು ಕಣ್ಣು ಅರೆಮುಚ್ಚಿ 'ಓಂ ಮಣಿ ಪದ್ಮೇ ಹೂಂ' ಎನ್ನುತ್ತಾ ಮಣಿ ಎಣಿಸುತ್ತಿದ್ದರು. "ಇವ್ರದ್ದೂ 108ಯ" ಎಂದು ದೊಡ್ಡಾಯಿ ಖುಷಿಪಟ್ಟಳು. ಜೈನರ ಣಮೋಕಾರ ಜಪಕ್ಕೂ ಅಷ್ಟೇ ಮಣಿ. ಕ್ರೈಸ್ತರ ಜಪಮಾಲೆ ಪ್ರಾರ್ಥನೆ ತೇರ್ಸಿನ ಲೆಕ್ಕ ಬೇರೆ: ಹತ್ತರ ಐದು ಗುಂಪು. ಕಾರವಾರದಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ದಿನಾ ಸಂಜೆ ಕೇಳುತ್ತದೆ, ಒಬ್ಬರು "ನಮಾನ್ ಮರಿಯೆ" ಶುರುಮಾಡಿದರೆ ಉಳಿದರ್ಧ ಎಲ್ಲರೂ ಸೇರಿ.

ಎಲ್ಲ ಧರ್ಮದ ಸಾರ ಒಂದೇ ಅನ್ನುವ ಭಾಷಣ ನನಗೆ ಒಗ್ಗುವುದಿಲ್ಲ. ಸೋಂದೆ ನೋಡಿದ ಮೇಲಂತೂ ಇಲ್ಲ. ಸಾರ ಬೇರೆಯೇ ಇರಲಿ, ಕೂತು ಹೇಳುವ ರೀತಿ ಮಾತ್ರ ಒಂದೇ. ಹೇಳಿದ್ದನ್ನೇ ಹೇಳಬೇಕು, ಉದ್ದ ಉಸಿರು ಬಿಡಬೇಕು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಅಳೆದಿತ್ತು. ಲ್ಯಾಟಿನ್ ತೇರ್ಸ್ ಹೇಳಿದರೂ, ಈ ಮಣಿ ಪದ್ಮೇ ಮಂತ್ರ ಹೇಳಿದರೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ನಾವು ಸುಮ್ನೆ ಕೂತಾಗ ಅದು 12ರ ಮೇಲೇ ಇರುತ್ತದೆ. ಪರೀಕ್ಷೆ ಮಾಡಿದ್ದು 23 ಜನರ ಮೇಲಷ್ಟೇ, ಜಾಸ್ತಿ ಹಿಗ್ಗಬೇಕಾಗಿಲ್ಲ.

ವಾಪಸ್ ಬರುವಾಗ ಇದನ್ನೆಲ್ಲ ದೊಡ್ಡಾಯಿಗೆ ವಿವರಿಸಿದೆ. "ಉಸಿರು ನಿಧಾನ ಆಗ್ಲಿ ಹೇಳಿ ಯಾರೂ ದೇವರ ಹೆಸರು ಹೇಳ್ತ್ವಿಲ್ಲೆ" ಎಂದು ಒಂದೇ ಮಾತಲ್ಲಿ ಮುಗಿಸಿದಳು. ಅವಳ ಮಟ್ಟಿಗೆ ಅದು ಸರಿ. ದೇವರ ವಿಷಯದಲ್ಲಿ ಅಷ್ಟು ಗಟ್ಟಿ ಇಲ್ಲದ ನನಗೆ ಸದ್ಯಕ್ಕೆ ಉಸಿರೇ ಸಾಕು.

ಈಗ ಕೆಳಗೆ ತೇರ್ಸ್ ಶುರುವಾದಾಗ ನಾನೂ ಮಾಲೆ ಹಿಡಿಯುತ್ತೇನೆ. ನಿದ್ದೆ ಪರವಾಗಿಲ್ಲ. ನನ್ನ 108 ಮುಗಿದರೂ ಅವರದ್ದು ಮುಗಿದಿರುವುದಿಲ್ಲ, ಹಾಗಾಗಿ ಇನ್ನೊಂದು ಸುತ್ತು. ಪಕ್ಕದ ಮನೆಯಲ್ಲಿ ಬಂಗಡೆ ಹುರಿದ ದಿನ ಮಾತ್ರ ಎಣಿಕೆ ತಪ್ಪುತ್ತದೆ.