ಕಮಿಟ್ ಆಗದೆ ಮೆಸೇಜ್ ಹೊರಡುವುದಿಲ್ಲ

ಜಾವಾ ಸರ್ವರ್ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡುವ ತೊಂದರೆ ಇದು. ಒಂದು ಇಜೆಬಿ (ಸರ್ವರ್ ನಡೆಸುವ ಜಾವಾ ಘಟಕ, ಚಿಕ್ಕದಾಗಿ ಬೀನ್) ಮೆಥಡ್ ಜೆಎಂಎಸ್ (ಜಾವಾದ ಮೆಸೇಜಿಂಗ್ ವ್ಯವಸ್ಥೆ) ಕ್ಯೂಗೆ ರಿಕ್ವೆಸ್ಟ್ ಕಳಿಸುತ್ತದೆ, ಅಲ್ಲೇ ನಿಂತು ಉತ್ತರಕ್ಕೆ ಕಾಯುತ್ತದೆ. ಪ್ರತಿ ಸಲವೂ ಟೈಮ್‌ಔಟ್. ನೆಟ್‌ವರ್ಕ್ ತಪಾಸಣೆ ನಡೆಯುತ್ತದೆ, ಕ್ಯೂ ನಡೆಸುವ ಬ್ರೋಕರ್ ರೀಸ್ಟಾರ್ಟ್ ಆಗುತ್ತದೆ, ಟೈಮ್‌ಔಟ್ ಮಿತಿ ಏರುತ್ತದೆ. ಸೆಂಡ್ ಎರರ್ ಕೊಡದೆ ಮುಗಿದಿರುವುದರಿಂದ ಮೆಸೇಜ್ ತಲುಪಿದೆ ಎಂದೇ ಎಲ್ಲರೂ ನಂಬಿರುತ್ತಾರೆ. ಆದರೆ ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎನ್ನುವ ಕೆಲಸಗಳ ಗುಂಪು) ಒಳಗೆ ಕಳಿಸಿದ ಮೆಸೇಜ್, ಆ ಗುಂಪು ಕಮಿಟ್ (ಖಾಯಂ) ಆಗುವವರೆಗೂ ಯಾರ ಕೈಗೂ ಸಿಗದು. ಮೆಥಡ್ ಮುಗಿಯದೆ ಕಮಿಟ್ ಇಲ್ಲ. ಉತ್ತರ ಬರದೆ ಮೆಥಡ್ ಮುಗಿಯದು.

‘ಕ್ಯೂ ಜೊತೆ ಮಾತಾಡುವ ಸೆಷನ್ ಮಾಡುವಾಗ ಟ್ರಾನ್ಸಾಕ್ಟೆಡ್ ಬೇಡ ಅಂತ ಫಾಲ್ಸ್ ಕೊಟ್ಟಿದ್ದೀನಲ್ಲ ಸರ್?’ ಎಂದು ತಂಡಕ್ಕೆ ಹೊಸದಾಗಿ ಸೇರಿದವರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಜೆಟಿಎ (ಜಾವಾ ಸರ್ವರಿನ ಟ್ರಾನ್ಸಾಕ್ಷನ್ ವ್ಯವಸ್ಥೆ) ಟ್ರಾನ್ಸಾಕ್ಷನ್ ನಡೆಯುತ್ತಿರುವಾಗ, ಬೀನ್ ನಡೆಸುವ ಕಂಟೇನರ್ ಆ ಆರ್ಗ್ಯುಮೆಂಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2013ರ ಜೆಎಂಎಸ್ 2.0 ಇದನ್ನು ಸ್ಪಷ್ಟವಾಗಿ ಬರೆದಿದೆ. ಸೆಷನ್ ಮೇಲೆ ನಾವೇ ಕಮಿಟ್ ಕರೆಯುವುದಕ್ಕೂ ಅಲ್ಲಿ ಅವಕಾಶವಿಲ್ಲ.

ಕಳಿಸುವ ಭಾಗವನ್ನು ಇನ್ನೊಂದು ಬೀನ್‌ಗೆ ಹಾಕಿ ‘ರಿಕ್ವೈರ್ಸ್ ನ್ಯೂ’ (ಹೊಸದೇ ಟ್ರಾನ್ಸಾಕ್ಷನ್ ತೆರೆಯುವ ಸೂಚನೆ) ಕೊಟ್ಟರೆ ಮೆಸೇಜ್ ಹೊರಡುತ್ತದೆ. ಅದೇ ಬೀನ್‌ನ ಮೆಥಡನ್ನು ‘ದಿಸ್’ ಮೂಲಕ ಕರೆದರೆ ಉಪಯೋಗವಿಲ್ಲ, ಕರೆ ಕಂಟೇನರ್ ಮೂಲಕವೇ ಹೋಗಬೇಕು. ಇಷ್ಟಾದರೂ ಹೊರಗಿನ ಕೆಲಸ ರೋಲ್‌ಬ್ಯಾಕ್ (ರದ್ದು) ಆದರೆ ಹೋದ ರಿಕ್ವೆಸ್ಟ್ ವಾಪಸ್ ಬರುವುದಿಲ್ಲ. ಹಾಗಾಗಿ ನಾನು ಕಾಯುವುದನ್ನೇ ಬಿಡಿಸುತ್ತೇನೆ: ಕೋರಿಲೇಷನ್ ಐಡಿ (ಉತ್ತರ ಯಾವ ರಿಕ್ವೆಸ್ಟಿನದು ಎಂದು ಗುರುತಿಸುವ ಸಂಕೇತ) ಇಟ್ಟು ಕಳಿಸಿ, ಉತ್ತರವನ್ನು ಮೆಸೇಜ್ ಡ್ರಿವನ್ ಬೀನ್ (ಮೆಸೇಜ್ ಬಂದಾಗ ಕಂಟೇನರ್ ತಾನೇ ಕರೆಯುವ ಬೀನ್) ನೋಡಿಕೊಳ್ಳಲಿ.

ಡೇಟಾಬೇಸ್ ಮತ್ತು ಕ್ಯೂ ಎರಡೂ ಎಕ್ಸ್‌ಎ (ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಸೇರಿಸುವ ವಿಧಾನ) ಅಡಿಯಲ್ಲಿದ್ದರೆ ನಿಶ್ಚಿಂತೆ ಎಂದುಕೊಳ್ಳುವವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಎರಡೂ ಕಮಿಟ್ ಆಗುವುದೇನೋ ನಿಜ, ಆದರೆ ಒಂದೇ ಕ್ಷಣದಲ್ಲಿ ಅಲ್ಲ. ಕ್ಯೂ ಮೊದಲು ಕಮಿಟ್ ಆದರೆ, ಮೆಸೇಜ್ ಪಡೆದ ಬೀನ್ ಆರ್ಡರ್ ಸಾಲನ್ನು ಹುಡುಕುವಾಗ ಅದು ಡೇಟಾಬೇಸಿನಲ್ಲಿ ಇನ್ನೂ ಕಾಣದೆ ಇರಬಹುದು. ಟೆಸ್ಟ್ ಸರ್ವರ್‌ನಲ್ಲಿ ಅಪರೂಪ, ಲೋಡ್ ಏರಿದಾಗ ಗೋಚರಿಸುತ್ತದೆ. ಸಾಲು ಸಿಗದಿದ್ದರೆ ಸುಮ್ಮನೆ ಲಾಗ್ ಬರೆದು ಮೆಸೇಜ್ ನುಂಗಬೇಡಿ. ರೋಲ್‌ಬ್ಯಾಕ್ ಮಾಡಿ, ಬ್ರೋಕರ್ ಮತ್ತೆ ಕೊಡುತ್ತದೆ. ಆದರೆ ಆ್ಯಕ್ಟಿವ್‌ಎಂಕ್ಯೂ ಆರ್ಟೆಮಿಸ್ ಎಂಬ ಬ್ರೋಕರ್‌ನಲ್ಲಿ ಡೀಫಾಲ್ಟ್ ಆಗಿ 10 ಪ್ರಯತ್ನ, ನಡುವಿನ ವಿರಾಮ 0. ಹತ್ತೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು, ಮೆಸೇಜ್ ಡೆಡ್ ಲೆಟರ್ ಕ್ಯೂ (ತಲುಪಿಸಲಾಗದ ಮೆಸೇಜ್‌ಗಳ ಕ್ಯೂ) ಸೇರಿರುತ್ತದೆ. ಬ್ರೋಕರಿನಲ್ಲಿ ಆ ವಿರಾಮವನ್ನು, ಅಂದರೆ ರೀಡೆಲಿವರಿ ಡಿಲೇಯನ್ನು, ಒಂದೆರಡು ಸೆಕೆಂಡಿಗೆ ಏರಿಸಿದರೆ ಸಾಕಾಗುತ್ತದೆ.